ನಮ್ಮ ಮಾಳಿಗೆ ನೀರು ಎಲ್ಲಿಗೆ ಹೋಗ್ತಿತ್ತು ಅಂದ್ರೆ

ಹೋದ ವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಬಚ್ಚಲಿನ ಜಾಲಿಯಲ್ಲಿ ಗುಳುಗುಳು ಸದ್ದು ಶುರುವಾಯಿತು. ಹೊರಗೆ ಮಳೆ ಅಂದ್ರೆ ಮಳೆ. ಬೆಳಗಾವಿಯ ಜುಲೈ ಗೊತ್ತಲ್ವಾ, ಹಿಡಿದರೆ ಎದುರು ಮನೆ ಕಾಣಿಸಲ್ಲ. ಹತ್ತು ನಿಮಿಷದಲ್ಲಿ ಜಾಲಿಯಿಂದ ಕರಿ ನೀರು ಮೇಲೆ ಬಂತು. ಅದರ ಜೊತೆಗೆ ಒಂದು ಖಾಲಿ ಶಾಂಪೂ ಪಾಕೀಟು. ನಮ್ಮದಲ್ಲ, ಆ ಶಾಂಪೂ ನಾವು ತರೋದೇ ಇಲ್ಲ.

ಛತ್ರಿ ಹಿಡಿದು ಓಣಿಗೆ ಬಂದೆ. ಮೊಣಕಾಲುದ್ದ ನೀರು. ಮೂಲೆಯಲ್ಲಿ ಇಬ್ಬರು ಹುಡುಗರು ಹಾರೆ ಹಾಕಿ ಯುಜಿಡಿ, ಅಂದ್ರೆ ನೆಲದಡಿಯ ಒಳಚರಂಡಿಯ ಮುಚ್ಚಳ ಎತ್ತುತ್ತಿದ್ದರು. ಪಕ್ಕದ ಮನೆ ಕಾಕಾ ಟಾರ್ಚ್ ಹಿಡಿದು, "ತಗೀರ್ಲೆ ಲಗೂನ, ನೀರು ಹೋಗಲಿ" ಅನ್ನುತ್ತಿದ್ದರು. ಮುಚ್ಚಳ ಎದ್ದಿತು. ನೀರು ಗಿರಗಿರ ತಿರುಗಿ ಒಳಗೆ ಇಳಿಯಿತು. ಎಲ್ಲರಿಗೂ ಖುಷಿ, ನನಗೂ. ಮನೆಗೆ ಬಂದು ನೋಡಿದರೆ ಬಚ್ಚಲು ತುಂಬಿ ಪಡಸಾಲೆಗೆ ಬಂದಿತ್ತು. ನಮ್ಮ ಮನೆ ಓಣಿಯ ತಗ್ಗಿನಲ್ಲಿದೆ. ಮೇಲೆ ಸುರಿದಿದ್ದೆಲ್ಲ ಬಂದು ಎದ್ದಿದ್ದು ನಮ್ಮಲ್ಲೇ.

ಮರುದಿನ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದ್ದೂ ಒಂದೇ ಮಾತು: ಪೈಪು ಸಣ್ಣದು, ದೊಡ್ಡ ಪೈಪು ಹಾಕಬೇಕು. ನಾನೂ ಸಿಟ್ಟಿನಲ್ಲಿ ಉದ್ದಕ್ಕೆ ಬರೆದೆ. ಮಧ್ಯಾಹ್ನ ಪ್ಲಂಬರ್ ಬಂದ. ಜಾಲಿ ನೋಡಲಿಲ್ಲ, ತಲೆ ಎತ್ತಿ ಮಾಳಿಗೆ ನೋಡಿದ. "ಸರ, ಈ ಮಳಿ ಪೈಪ್ ಎಲ್ಲಿಗ್ ಬಿಟ್ಟೀರಿ?" ಅಂದ. ಮನೆ ಪೈಪುಗಳೆಲ್ಲ ಯುಜಿಡಿಗೆ ಸೇರುವ ಅಂಗಳದ ಚೇಂಬರ್ ಮುಚ್ಚಳ ತೆಗೆದು ನೋಡಿದರೆ ಸಂಡಾಸಿನ ಪೈಪಿನ ಪಕ್ಕದಲ್ಲೇ ಮಾಳಿಗೆ ಪೈಪು. ಮೇಲಿನ ಮನೆ ಕಟ್ಟಿಸುವಾಗ ಗೌಂಡಿ, "ಗಟಾರಕ್ಕ ಬಿಟ್ರ ಬಾಜೂದವ್ರು ಜಗಳ ತಗೀತಾರ, ಇದರಾಗ ಬಿಡ್ತೀನ್ರಿ" ಅಂದಿದ್ದ. ನಾನು ಹೂಂ ಅಂದಿದ್ದೆ. ಇಪ್ಪತ್ತು ಅಡಿ ಪೈಪಿನ ದುಡ್ಡು ಉಳಿದಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಳಚರಂಡಿ ಕಟ್ಟುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ 80% ಚರಂಡಿಗೆ ಬರುತ್ತೆ ಅಂತ ಹಿಡಿಯುತ್ತಾರೆ. ಐದು ಜನರ ಮನೆಗೆ ದಿನಕ್ಕೆ 540 ಲೀಟರ್ ಆಯಿತು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡುವ ಹೊತ್ತಿಗೆ ಸರಾಸರಿಯ ಮೂರು ಪಟ್ಟು ಹಿಡಿದರೂ ತಾಸಿಗೆ 70 ಲೀಟರ್ ದಾಟಲ್ಲ. ಈಗ ಮಾಳಿಗೆಗೆ ಬನ್ನಿ. ಸಾವಿರ ಚದರಡಿ ಮೇಲೆ ಒಂದು ತಾಸಿನಲ್ಲಿ 2 ಸೆಂಟಿಮೀಟರ್ ಮಳೆ ಬಿದ್ದರೆ 1,860 ಲೀಟರ್. ಅಂದ್ರೆ ಹೆಚ್ಚುಕಡಿಮೆ 27 ಮನೆಯ ನೀರು ನನ್ನೊಬ್ಬನ ಪೈಪಿನಿಂದ! ಓಣಿಯಲ್ಲಿ ನಾಲ್ಕು ಜನ ನನ್ನಂಥ ಜಾಣರಿದ್ದರೆ, ಮಳೆ ಬಂದ ತಾಸಿನಲ್ಲಿ ನೂರು ಮನೆ ಹೊಸದಾಗಿ ಬಂದು ಸೇರಿಕೊಂಡ ಹಾಗೆ. ನಾಲ್ಕೇ ಜನ ಇದ್ದಾರೆ ಅಂತ ನನಗೆ ಅನ್ನಿಸಲ್ಲ.

ಹಾಗಾದ್ರೆ ದೊಡ್ಡ ಪೈಪೇ ಹಾಕಲಿ ಅಂತೀರಾ? ಹಾಕಬಹುದು. ಆದರೆ ಆ ಪೈಪು ವರ್ಷದಲ್ಲಿ ಎಂಟು ತಿಂಗಳು ಮಳೆ ಇಲ್ಲದೆ ಮಲಗಿರಬೇಕಲ್ಲ. ಯುಜಿಡಿ ಪೈಪು ತನ್ನಷ್ಟಕ್ಕೆ ಸ್ವಚ್ಛವಾಗಿರಬೇಕು ಅಂದ್ರೆ ನೀರು ಸೆಕೆಂಡಿಗೆ ಕಡಿಮೆ ಅಂದ್ರೂ 0.6 ಮೀಟರ್ ಓಡಬೇಕು. ಅಗಲ ಪೈಪಿನಲ್ಲಿ ಬೇಸಿಗೆಯ ಚೂರು ನೀರು ತಳದಲ್ಲಿ ತೆವಳುತ್ತೆ. ಮಣ್ಣು, ಜಿಡ್ಡು, ಮಲ ಎಲ್ಲ ಅಲ್ಲೇ ಕೂತು ಗಟ್ಟಿಯಾಗುತ್ತೆ. ಜೂನ್ ಬರೋ ಹೊತ್ತಿಗೆ ದೊಡ್ಡ ಪೈಪು ಸಣ್ಣದಾಗಿರುತ್ತೆ. ಅದಕ್ಕೇ ಮಳೆ ನೀರಿಗೆ ಗಟಾರ ಬೇರೆ, ಮನೆ ನೀರಿಗೆ ಯುಜಿಡಿ ಬೇರೆ ಅಂತ ಮಾಡಿರೋದು. ಎರಡನ್ನೂ ಕೂಡಿಸಿದವರು ನಾವೇ.

ಆ ಹುಡುಗರು ಮುಚ್ಚಳ ಎತ್ತಿದ್ದು ಇನ್ನೂ ಕೆಟ್ಟದ್ದು. ನೀರಿನ ಜೊತೆ ಉಸುಕು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಚೀಲ ಎಲ್ಲ ಒಳಗೆ ಹೋಯಿತು. ಅದು ಎಲ್ಲೋ ಮುಂದೆ ಕೂತಿದೆ. ಜೋರಾಗಿ ನೀರು ಹಾರಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿ ಬಂದರೆ ಸರಿ. ಬರಲಿಲ್ಲ ಅಂದ್ರೆ ಯಾರೋ ಒಬ್ಬನನ್ನು "ಸ್ವಲ್ಪ ಇಳಿದು ನೋಡಪ್ಪಾ" ಅನ್ನುತ್ತಾರೆ. 2013ರ ಕಾನೂನು ಅದನ್ನು ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಚ್ಚಳ ಎತ್ತುವಾಗ ಯಾರ ತಲೆಯಲ್ಲೂ ಇದು ಬರಲ್ಲ. ನನ್ನ ತಲೆಯಲ್ಲೂ ಬರಲಿಲ್ಲ.

ಸರಿ, ಯುಜಿಡಿಯಿಂದ ಬಿಡಿಸಿದರೆ ಮಳೆ ನೀರು ಎಲ್ಲಿಗೆ ಹೋಗಬೇಕು? ಗಟಾರಕ್ಕೆ. ನಮ್ಮ ಓಣಿಯ ಗಟಾರದ ಮೇಲೆ ಮನೆಗೊಂದು ಸಿಮೆಂಟ್ ಇಳಿಜಾರು ಇದೆ, ಸ್ಕೂಟರ್ ಹತ್ತಿಸಲಿಕ್ಕೆ. ಅದರ ಕೆಳಗೆ ಗುದ್ದಲಿ ಹೋಗಲ್ಲ. ಗಟಾರ ತೆಗೆಯುವವರು ಇಳಿಜಾರಿನ ಈ ಕಡೆ, ಆ ಕಡೆ ಎಳೆದು ಹೋಗುತ್ತಾರೆ, ನಡುವಿನ ಹೂಳು ಹಾಗೇ. ತೆಗೆದ ಹೂಳನ್ನು ದಂಡೆ ಮೇಲೆ ಒಣಗಲಿ ಅಂತ ಬಿಡುತ್ತಾರೆ. ಒಣಗೋಕಿಂತ ಮೊದಲೇ ಒಂದು ಮಳೆ ಬಂದು ಅದು ಮತ್ತೆ ಒಳಗೆ. ಇದನ್ನು ಪ್ರತಿ ವರ್ಷ ನೋಡ್ತೀನಿ. ತೆಗೆದ ದಿನವೇ ಗಾಡಿಗೆ ತುಂಬಿದರೆ ಅರ್ಧ ಕೆಲಸ ಆಯಿತು.

ಗಟಾರ ದಾಟಿದರೆ ಬಳ್ಳಾರಿ ನಾಲಾ. ಊರಿನ ನೀರನ್ನು ಹೊತ್ತು ಮಾರ್ಕಂಡೇಯ ನದಿಗೆ ಹೋಗಬೇಕಾದದ್ದು ಅದು. ಹೂಳು, ಜೊಂಡು ತುಂಬಿಕೊಂಡರೆ ಶಹಾಪುರ, ವಡಗಾವಿ, ಯಳ್ಳೂರ ಕಡೆಯ ಭತ್ತದ ಗದ್ದೆಗೆ ನುಗ್ಗುತ್ತೆ. ರೈತರು ನಾಲಾ ಸ್ವಚ್ಛ ಮಾಡಿ ಅಂತ ಕೇಳ್ತಾನೇ ಇದ್ದಾರೆ. ನಾಲಾ ತುಂಬಿ ನಿಂತಾಗ ಓಣಿಯ ಗಟಾರ ಎಷ್ಟೇ ಸ್ವಚ್ಛವಿದ್ದರೂ ನೀರು ಮುಂದೆ ಸರಿಯಲ್ಲ. 2019ರ ಆಗಸ್ಟ್‌ನ ನೆರೆ ನೆನಪಿದೆಯಲ್ಲ? ಅಂಥ ಮಳೆಗೆ ಯಾವ ಪೈಪೂ ಸಾಲದು, ಒಪ್ತೀನಿ. ಆದರೆ ಹೋದ ವಾರದ್ದು ಅಂಥ ಮಳೆ ಅಲ್ಲ.

ಕದ್ದು ಜೋಡಿಸಿದ ಪೈಪು ಹಿಡಿಯಲಿಕ್ಕೆ ಒಂದು ಸುಲಭ ಉಪಾಯ ಇದೆ. ಯುಜಿಡಿಯೊಳಗೆ ಹೊಗೆ ಊದುತ್ತಾರೆ. ಯಾರ ಮಾಳಿಗೆ ಪೈಪಿನಿಂದ ಹೊಗೆ ಬರುತ್ತೋ ಅವರು ಸಿಕ್ಕಿಬಿದ್ದರು. ಬೇಸಿಗೆಯಲ್ಲಿ ಓಣಿಗೊಂದು ದಿನ ಇದನ್ನು ಮಾಡಿ, ದಂಡಕ್ಕಿಂತ ಮೊದಲು ಒಂದು ತಿಂಗಳು ಟೈಮ್ ಕೊಟ್ಟರೆ ಸಾಕು. ಹೊಸ ಪೈಪಿನ ಟೆಂಡರ್‌ಗಿಂತ ಎಷ್ಟೋ ಅಗ್ಗ. ಗ್ರೂಪಿನಲ್ಲಿ ಇದನ್ನೇ ಹಾಕಿದೆ. ಮೊದಲ ದಿನ ನನ್ನ ಬರಹಕ್ಕೆ ಮೂವತ್ತು ಹೆಬ್ಬೆಟ್ಟು ಬಿದ್ದಿದ್ದವು. ಇದಕ್ಕೆ ಎರಡು. ಒಂದು ನನ್ನ ಹೆಂಡತಿಯದ್ದು.

ಪ್ಲಂಬರ್ ಚೇಂಬರಿನ ಪೈಪು ಕತ್ತರಿಸಿ ಮುಚ್ಚಿ ಹೋಗಿದ್ದಾನೆ. ಮಾಳಿಗೆ ನೀರು ಸದ್ಯಕ್ಕೆ ಎರಡು ಡ್ರಮ್ಮಿಗೆ, ಉಳಿದದ್ದು ಅಂಗಳಕ್ಕೆ. ಗಟಾರಕ್ಕೆ ಬಿಡಬೇಕು ಅಂದ್ರೆ ಮೊದಲು ನಮ್ಮ ಇಳಿಜಾರು ಒಡೆದು ಜಾಲಿ ಹಾಕಬೇಕು. ಕಾಕಾ ಬಂದು ನೋಡಿ, "ನೀ ಒಡದ್ರ ನಾವೂ ಒಡೀಬೇಕಾಗ್ತದಲ್ಲೋ" ಅಂದರು. ಗೌಂಡಿ ನಾಳೆ ಬರ್ತೀನಿ ಅಂದಿದ್ದಾನೆ. ಇದು ಅವನ ಮೂರನೇ ನಾಳೆ.