ಕೊಸರಿಗೂ ಒಂದು ಬಿಲ್ಲು

ಹೊಂಗೆ ಚಿಗುರಿದೆ. ನಮ್ಮ ಬೀದಿಯ ಬೇವಿನ ಮರ ಹೂ ಬಿಟ್ಟಿದೆ. ಅಂಗಳಕ್ಕೆ ಉದುರಿದ ಆ ಹೂವನ್ನು ಗುಡಿಸುತ್ತಾ ಅಮ್ಮ ಬೆಳಗ್ಗೆ ಮತ್ತೆ ಹಾಲಿನಜ್ಜಿಯ ಸುದ್ದಿ ತೆಗೆದಳು. ಯುಗಾದಿ ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಕೋಗಿಲೆಗಿಂತ ಮೊದಲು ಹಳೆಯ ಕಾಲ ಕೂಗುತ್ತದೆ.

ಊರಲ್ಲಿ ನಮಗೆ ವರ್ತನೆ ಹಾಲು ಹಾಕುತ್ತಿದ್ದವಳು ಆ ಅಜ್ಜಿ. ಪಾವಿನಲ್ಲಿ ಎರಡು ಸಲ ಅಳೆದು ಹುಯ್ದ ಮೇಲೂ ಅಮ್ಮ ಪಾತ್ರೆ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಸುಮ್ನೆ ಹಿಡಿದು ನಿಲ್ಲುತ್ತಿದ್ದಳು. "ನಿನ್ನದೊಂದು ಗೋಳು ಕಣವ್ವಾ" ಎನ್ನುತ್ತಾ ಅಜ್ಜಿ ಇನ್ನೊಂದು ಚೂರು ಬಗ್ಗಿಸುತ್ತಿದ್ದಳು. ಅದು ಕೊಸರು. ಹಾಲಿನಲ್ಲಿ ನೀರೆಷ್ಟಿತ್ತು ಅನ್ನುವುದು ಬೇರೆ ಮಾತು. ಕೊಸರಿನಲ್ಲೂ ಅಷ್ಟೇ ಪಾಲು ನೀರಿರುತ್ತಿತ್ತು, ಆ ವಿಷಯದಲ್ಲಿ ಅಜ್ಜಿ ಭೇದ ಮಾಡಿದವಳಲ್ಲ.

ಕೊಸರಿಗೂ ದುಡ್ಡು ಕೇಳಬಹುದು ಅಂತ ಮಾತ್ರ ಪಾಪ ಅವಳಿಗೆ ಹೊಳೆಯಲಿಲ್ಲ. ಅದು ಹೊಳೆದದ್ದು 2024ರ ಜೂನ್‌ನಲ್ಲಿ, ವಿಧಾನಸೌಧದ ಕಡೆಯವರಿಗೆ.

ರಾಜ್ಯದಲ್ಲಿ ಆಗ ದಿನಕ್ಕೆ ಹೆಚ್ಚುಕಮ್ಮಿ ಒಂದು ಕೋಟಿ ಲೀಟರ್ ಹಾಲು ಬರತೊಡಗಿತ್ತು. ಅಷ್ಟನ್ನೂ ಎಲ್ಲಿಡುವುದು? ಪ್ಯಾಕೆಟ್ಟಿಗೇ ತುಂಬೋಣ ಎಂದರು. ಒಂದು ಲೀಟರ್ ನಂದಿನಿ 1050 ಮಿಲಿಲೀಟರ್ ಆಯಿತು. ಅರ್ಧ ಲೀಟರಿನದು 550 ಆಯಿತು. ಎರಡಕ್ಕೂ 2 ರೂಪಾಯಿ ಜಾಸ್ತಿ. ನೀಲಿ ಪ್ಯಾಕೆಟ್ಟು 42ರಿಂದ 44ಕ್ಕೆ ಹೋಯಿತು. ಇದು ಬೆಲೆ ಏರಿಕೆಯೇ ಅಲ್ಲ, ಹಾಲು ಜಾಸ್ತಿ ಕೊಡುತ್ತಿದ್ದೇವೆ, ಅದಕ್ಕೆ ದುಡ್ಡು ಅಂತ ಮುಖ್ಯಮಂತ್ರಿಗಳೇ ಬಿಡಿಸಿ ಹೇಳಿದರು.

"ನಾನು ಕೇಳಿದ್ನಾ?" ಎಂದಳು ಅಮ್ಮ.

ಹೋಟೆಲಿನ ಮಾಣಿ ತಾನಾಗಿ ಇನ್ನೊಂದು ವಡೆ ತಂದು ತಟ್ಟೆಗಿಟ್ಟು, ಬಿಲ್ಲಿಗೂ ಸೇರಿಸಿ, "ರೇಟೇನೂ ಏರಿಲ್ಲ ಸಾರ್, ವಡೆ ಜಾಸ್ತಿ" ಅಂದರೆ ಏನು ಮಾಡುತ್ತೀರಿ? ತಿನ್ನುತ್ತೀರಿ. ನಾವೂ ಅದೇ ಮಾಡಿದೆವು. ಐವತ್ತು ಮಿಲಿಲೀಟರ್ ಅಂದರೆ ಎಷ್ಟು ಅಂತ ಮಗಳ ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು ನೋಡಿದೆ. ಐದು ಮುಚ್ಚಳ. ಅರ್ಧ ಲೋಟ ಕಾಫಿಗೆ ಅಡ್ಡಿಯಿಲ್ಲ. ಹೀಗೆ ಹನ್ನೊಂದು ಗಂಟೆಗೆ ಮನೆಯಲ್ಲಿ ಹೊಸದೊಂದು ಕಾಫಿ ಶುರುವಾಯಿತು. ಅದಕ್ಕೆ ಸರ್ಕಾರಿ ಕಾಫಿ ಅಂತಲೇ ಹೆಸರು.

2025ರ ಯುಗಾದಿ ಬಂದದ್ದು ಮಾರ್ಚ್ 30, ಭಾನುವಾರ. ಹಬ್ಬಕ್ಕೆ ಮೂರು ದಿನ ಇರುವಾಗ ಲೀಟರಿಗೆ 4 ರೂಪಾಯಿ ಏರಿಸಲು ಸಂಪುಟ ಒಪ್ಪಿತು. ಜೊತೆಗೆ, ಕೊಟ್ಟ ಕೊಸರನ್ನು ವಾಪಸ್ ಪಡೆಯಿತು. ಏಪ್ರಿಲ್ 1ರಿಂದ ಪ್ಯಾಕೆಟ್ಟಿನಲ್ಲಿ ಮತ್ತೆ ಒಂದೇ ಲೀಟರ್, ಬೆಲೆ 46. ಲೆಕ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಕೊಸರಿನ 2 ರೂಪಾಯಿ ಕಳೆದು, ಹಳೆಯ 42ಕ್ಕೆ 4 ಕೂಡಿಸಿದ್ದಾರೆ. ನಮಗೆ ಮಾತ್ರ ಪಾತ್ರೆಯಲ್ಲಿ ಹಾಲು ಕಮ್ಮಿ ಕಂಡಿತು, ಜೇಬಿನಲ್ಲಿ ದುಡ್ಡೂ ಕಮ್ಮಿ ಕಂಡಿತು. ಸರ್ಕಾರಿ ಕಾಫಿ ನಿಂತಿತು.

ಏರಿಸಿದ ದುಡ್ಡೆಲ್ಲ ರೈತರಿಗೆ ಎಂದರು. ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ಹಿಂಡಿ, ಬೂಸಾ ಏನಾಗಿದೆ ಅಂತ ಹಸು ಕಟ್ಟಿದವರನ್ನು ಕೇಳಿ. ಆದರೆ ಆ ಮಾತನ್ನು ಹಿಂದಿನ ವರ್ಷವೇ ನೆಟ್ಟಗೆ ಹೇಳಬಹುದಿತ್ತಲ್ವಾ? ಅಷ್ಟು ದೊಡ್ಡ ಸರ್ಕಾರ ಐದು ಮುಚ್ಚಳ ಹಾಲಿನ ಹಿಂದೆ ಬಚ್ಚಿಟ್ಟುಕೊಳ್ಳಬೇಕಿತ್ತಾ?

ಅದೇ ಏಪ್ರಿಲ್ 1ರಂದು ಉಳಿದ ನೆಂಟರೂ ಬಂದಿಳಿದರು. ಕರೆಂಟು ಯೂನಿಟ್ಟಿಗೆ 10 ಪೈಸೆ ಇಳಿಯಿತು. ಇಳಿದದ್ದಕ್ಕೆ ಖುಷಿಪಡುವಷ್ಟರಲ್ಲಿ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ 36 ಪೈಸೆ ಮೇಲೆ ಹತ್ತಿತು. ಬೆಂಗಳೂರಿನಲ್ಲಿ ಕಸಕ್ಕೂ ಶುಲ್ಕ ಬಂತು. ಕಸವನ್ನು ತೂಗುವುದಿಲ್ಲ, ಮನೆಯನ್ನು ಅಳೆಯುತ್ತಾರೆ. ಕಟ್ಟಡ 600 ಚದರಡಿ ಒಳಗಿದ್ದರೆ ತಿಂಗಳಿಗೆ 10 ರೂಪಾಯಿ, 4000 ದಾಟಿದರೆ 400. ನಮ್ಮ ಎದುರಿನ ದೊಡ್ಡ ಮನೆಯಲ್ಲಿ ತಾತ ಒಬ್ಬರೇ ಇದ್ದಾರೆ. ದಿನಕ್ಕೆ ಒಂದು ಬಾಳೆಹಣ್ಣಿನ ಸಿಪ್ಪೆ, ಒಂದಿಷ್ಟು ಟೀ ಸೊಪ್ಪಿನ ಚರಟ. ಆ ಸಿಪ್ಪೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದಕ್ಕೆ ಅವರೇ ಬೆರಗಾಗಿದ್ದಾರೆ. ಬಸ್ಸು ಜನವರಿಯಲ್ಲೇ, ಮೆಟ್ರೊ ಫೆಬ್ರವರಿಯಲ್ಲೇ ದರ ಏರಿಸಿಕೊಂಡಿದ್ದರಿಂದ ಈ ಹಬ್ಬಕ್ಕೆ ಅವು ಬರಲಿಲ್ಲ.

ಇದನ್ನೆಲ್ಲ ನಾನು ಹೇಳುತ್ತಾ ಇದ್ದರೆ ಅಮ್ಮ ಒಲೆಯ ಮುಂದೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಪಾತ್ರೆಗೆ ಸುರಿದಳು. ಆಮೇಲೆ ಖಾಲಿ ಪ್ಯಾಕೆಟ್ಟಿಗೆ ನಲ್ಲಿಯಿಂದ ಒಂದು ಚೂರು ನೀರು ಹಿಡಿದು, ಚೆನ್ನಾಗಿ ಕುಲುಕಿ, ಅದನ್ನೂ ಹುಯ್ದಳು.

"ಇದೆಷ್ಟು ಮಿಲಿಲೀಟರಮ್ಮಾ?" ಎಂದೆ.

"ಕೊಸರು ಕಣೋ. ಮೆಲ್ಲಗೆ ಮಾತಾಡು, ಯಾರಾದ್ರೂ ಕೇಳಿಸಿಕೊಂಡು ಬಿಲ್ಲು ಕಳಿಸಿಯಾರು" ಎಂದಳು.