ಸಮಾಜಸೇವಾ ಸಂಸ್ಥೆಗಳ ಇಂಟರ್ನ್‌ಶಿಪ್‌ಗೆ ಸ್ಟೈಪೆಂಡ್ ಕಡ್ಡಾಯವಾಗಬೇಕೆ?

ಪರ

ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗಳಲ್ಲಿ ಇಂಟರ್ನ್ ಆಗಲು ಬರುವವರಿಗೆ ಅನೇಕ ವೇಳೆ ಸಿಗುವುದು ಅನುಭವ ಮತ್ತು ಒಂದು ಪ್ರಮಾಣಪತ್ರ; ಹಣದ ಮಾತೆತ್ತಿದರೆ ‘ಇದು ಸೇವೆಯಲ್ಲವೇ’ ಎಂಬ ಉತ್ತರ. ಜಯನಗರದ ಸ್ವಂತ ಮನೆಯಿಂದ ಊಟದ ಡಬ್ಬಿ ಕಟ್ಟಿಕೊಂಡು ಬರುವ ವಿದ್ಯಾರ್ಥಿಗೆ ಈ ಉತ್ತರ ಸಾಕು. ಹಾವೇರಿಯಿಂದಲೋ ರಾಯಚೂರಿನಿಂದಲೋ ಬಂದು, ವಿಜಯನಗರದ ಪಿಜಿಯೊಂದರಲ್ಲಿ ತಿಂಗಳ ಬಾಡಿಗೆ ಕಟ್ಟಬೇಕಾದವನಿಗೆ ಎರಡು ತಿಂಗಳ ಬಿಟ್ಟಿ ದುಡಿಮೆಯೆಂದರೆ ಮನೆಯವರ ತಲೆಯ ಮೇಲೆ ಇನ್ನೊಂದು ಸಾಲ. ಆತ ಅರ್ಜಿಯನ್ನೇ ಹಾಕುವುದಿಲ್ಲ. ಹಾಗಾಗಿ ಅವನನ್ನು ಹೊರಗಿಟ್ಟೆವೆಂಬ ಅರಿವೂ ಸಂಸ್ಥೆಗೆ ಬರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ದೆಸೆಯಿಂದ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ಸಿನ ಖರ್ಚು ತಪ್ಪಿದೆ, ಅಗ್ಗದ ಊಟಕ್ಕೆ ಇಂದಿರಾ ಕ್ಯಾಂಟೀನ್ ಇದೆ. ಬಾಡಿಗೆಗೆ ಅಂಥ ದಾರಿ ಯಾವುದೂ ಇಲ್ಲ.

ಇದರಲ್ಲಿ ನಷ್ಟ ವಿದ್ಯಾರ್ಥಿಗಷ್ಟೇ ಅಲ್ಲ. ಪಡಿತರ ಚೀಟಿಗಾಗಿ ಅಲೆದ ಮನೆಯಲ್ಲಿ ಬೆಳೆದ ಹುಡುಗಿಗೆ ಕಾಗದ ಯಾವ ಮೇಜಿನ ಮೇಲೆ ನಿಲ್ಲುತ್ತದೆ, ಅದನ್ನು ಮುಂದಕ್ಕೆ ಸಾಗಿಸಲು ಯಾರನ್ನು ಕೇಳಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಕೊಳೆಗೇರಿಯ ಅಂಗನವಾಡಿ ಸಮೀಕ್ಷೆಗೆ ಬೇಕಾಗಿರುವುದು ಅವಳ ಕನ್ನಡ ಮತ್ತು ಆ ತಿಳಿವಳಿಕೆ. ಚೆಂದದ ಸ್ಲೈಡುಗಳನ್ನು ಆಮೇಲೆ ಯಾರಾದರೂ ಮಾಡಬಹುದು.

ಹಣವಿಲ್ಲವೆಂಬ ಮಾತನ್ನು ಪೂರ್ತಿ ಒಪ್ಪಲಾಗದು. 2013ರ ಕಂಪನಿಗಳ ಕಾಯ್ದೆಯ 135ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಅಂಥ ಕಂಪನಿಗಳು ತುಂಬಿರುವ ಈ ನಗರದಲ್ಲಿ, ಯೋಜನೆಯ ಅಂದಾಜುಪಟ್ಟಿಯಲ್ಲಿ ಬ್ಯಾನರಿಗೂ ಒಂದು ಸಾಲು ಇರುವಾಗ, ಇಂಟರ್ನ್‌ಗೆ ಒಂದು ಸಾಲು ಸೇರಿಸುವುದು ಅಸಾಧ್ಯವೇನಲ್ಲ. ಕಡ್ಡಾಯವೆಂದಾದರೆ ಆ ಸಾಲನ್ನು ದಾನಿಗಳ ಮುಂದಿಡಲು ಸಂಸ್ಥೆಗಳಿಗೂ ಸಂಕೋಚವಿರುವುದಿಲ್ಲ.

ವಿರೋಧ

ಹಾವೇರಿಯ ಹುಡುಗನಿಗೆ ಆಗುತ್ತಿರುವ ಅನ್ಯಾಯ ನಿಜ. ಆದರೆ ಸಂಸ್ಥೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೆಸರಾಂತ ಪ್ರತಿಷ್ಠಾನಗಳು. ಎರಡು ಕೋಣೆಯ ಬಾಡಿಗೆ ಕಚೇರಿಯಲ್ಲಿ ನಾಲ್ಕು ಮಂದಿ ನಡೆಸುವ ಸಂಸ್ಥೆಗಳು ಈ ಚರ್ಚೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅವುಗಳ ಕೈಗೆ ಬರುವ ಹಣ ಇಂಥದ್ದಕ್ಕೇ ಎಂದು ಮೊದಲೇ ಗೊತ್ತುಮಾಡಿ ಕೊಟ್ಟ ಹಣ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗಂತೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದೆ.

ಇಂಟರ್ನ್ ಬಿಟ್ಟಿಯಾಗಿ ದುಡಿಯುತ್ತಾನೆ ಎಂಬುದು ಅರ್ಧ ಲೆಕ್ಕ. ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಕಳುಹಿಸಿದ ವಿದ್ಯಾರ್ಥಿಯ ಜತೆಗೆ ಮೊದಲ ಎರಡು ವಾರ ಒಬ್ಬ ಕಾರ್ಯಕರ್ತೆ ಇರಲೇಬೇಕು. ಚಿಂದಿ ಆಯುವ ಹೆಂಗಸರು ಗುರುತಿಲ್ಲದವರೆದುರು ತಮ್ಮ ಸಂಪಾದನೆಯ ಮಾತಾಡುವುದಿಲ್ಲ. ಆ ಎರಡು ವಾರ ಕಾರ್ಯಕರ್ತೆಯ ಸ್ವಂತ ಕೆಲಸ ಹಿಂದೆ ಬೀಳುತ್ತದೆ. ಹೆಂಗಸರು ಅವನನ್ನು ಹೆಸರು ಹಿಡಿದು ಕರೆಯುವ ಹೊತ್ತಿಗೆ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ವಿಷಯ ಇನ್ನೂ ವಿಚಿತ್ರ: ಶುಲ್ಕ ಕಾಲೇಜಿನದು, ಕಲಿಸುವ ಶ್ರಮ ಸಂಸ್ಥೆಯದು. ಅದರ ಮೇಲೆ ಸ್ಟೈಪೆಂಡನ್ನೂ ಸಂಸ್ಥೆಯೇ ಕೊಡಲಿ ಎನ್ನುವುದು ಪಾಠ ಹೇಳಿದವರಿಂದಲೇ ದಕ್ಷಿಣೆ ವಸೂಲಿ ಮಾಡಿದಂತೆ.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ರೂಪುಗೊಂಡದ್ದು ದೇಶದ 500 ದೊಡ್ಡ ಕಂಪನಿಗಳಿಗಾಗಿ. ತಿಂಗಳ 5,000 ರೂಪಾಯಿಯಲ್ಲಿ 4,500 ಸರ್ಕಾರದ್ದೇ ಎಂದು ಅಲ್ಲಿ ನಿಗದಿಯಾಯಿತು. ಕೋಟಿಗಟ್ಟಲೆ ಲಾಭವಿರುವವರಿಗೆ ಇಷ್ಟು ಆಸರೆ ಕೊಟ್ಟು, ದಾನದ ಮೇಲೆ ನಡೆಯುವ ಸಂಸ್ಥೆ ಪೂರ್ತಿ ಭಾರ ಹೊರಲಿ ಎಂದರೆ ಅದು ಸುಮ್ಮನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ದೊಡ್ಡ ಪ್ರತಿಷ್ಠಾನಗಳ ಕೆಲವೇ ಸ್ಥಾನಗಳು. ಇಂಗ್ಲಿಷಿನಲ್ಲಿ ಸೊಗಸಾಗಿ ಅರ್ಜಿ ಬರೆಯಬಲ್ಲವರ ನಡುವೆ ಹಾವೇರಿಯ ಹುಡುಗ ಅಲ್ಲಿ ಎಷ್ಟನೆಯವನಾಗುತ್ತಾನೆ? ಸಣ್ಣ ಸಂಸ್ಥೆಗಳಿಂದ ಮಧ್ಯಾಹ್ನದ ಊಟವನ್ನೂ ಓಡಾಟದ ಖರ್ಚನ್ನೂ ಕೇಳುವುದು ನ್ಯಾಯ. ಬಾಡಿಗೆಯ ಹಣವನ್ನು ಶುಲ್ಕ ಪಡೆಯುವ ಕಾಲೇಜಿನಿಂದಲೂ ಕಂಪನಿಗಳಿಗೆ ನೆರವಾದ ಸರ್ಕಾರದಿಂದಲೂ ಕೇಳಬೇಕು.