ಮಂಡೆಬಿಸಿಗೊಂದು ಕಾರ್ಯಾಗಾರ

ಕಳೆದ ತಿಂಗಳು ಮಂಗಳೂರಿನಲ್ಲಿ ಒಂದು ಕಾರ್ಯಕ್ರಮ. ‘ಆಂಬುಲೆನ್ಸ್ ಸಿಬ್ಬಂದಿಗೆ ಭಾವನಾತ್ಮಕ ಬುದ್ಧಿಮತ್ತೆ ಮತ್ತು ಒತ್ತಡ ನಿರ್ವಹಣೆ’ ಅಂತ ಫ್ಲೆಕ್ಸ್. ನಿರೂಪಣೆ ಮಾಡುವ ಟೀಚರಿಗೆ ಜ್ವರ ಬಂದು ನನ್ನನ್ನು ಕರೆದಿದ್ದರು. ಯಾರು ಮಾಡಿಸಿದ್ದು ಅಂತ ಕೇಳಬೇಡಿ. ಅವರು ನನಗೂ ಶಾಲು ಹಾಕಿದ್ದಾರೆ.

ಒತ್ತಡ ಅನ್ನುವುದು ಫ್ಲೆಕ್ಸಿನ ಭಾಷೆ. ನಮ್ಮೂರಿನ ಬಾಯಲ್ಲಿ ಅದು ಮಂಡೆಬಿಸಿ.

ಸಭೆಯಲ್ಲಿ ಇಪ್ಪತ್ತೆಂಟು ಮಂದಿ. ಅರ್ಧ ಜನ ರಾತ್ರಿ ಪಾಳಿ ಮುಗಿಸಿ ನೇರ ಬಂದವರು. ಹನ್ನೆರಡು ಗಂಟೆ ಡ್ಯೂಟಿ ಮಾಡಿ, ಒತ್ತಡ ಕಡಿಮೆ ಮಾಡಿಕೊಳ್ಳಲು ನಿದ್ದೆ ಬಿಟ್ಟು ಕೂತಿದ್ದರು. ಹಾಜರಿ ಕಡ್ಡಾಯವಂತೆ. ಬರದಿದ್ದರೆ ಒಂದು ದಿನದ ಸಂಬಳ ಕಟ್. “ಎರಡು ತಿಂಗಳಿಂದ ಸಂಬಳವೇ ಬರ್ಲಿಲ್ಲ, ಕಟ್ ಮಾಡುದು ಎಲ್ಲಿಂದ?” ಅಂತ ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ಪ್ರಶ್ನೋತ್ತರ ಊಟದ ನಂತರ ಅಂತ ನಾನು ಮೈಕಿನಲ್ಲಿ ಹೇಳಿದೆ.

ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಸಂಪನ್ಮೂಲ ವ್ಯಕ್ತಿ ಬಂದದ್ದು ಹನ್ನೊಂದಕ್ಕೆ. ಉಡುಪಿ ಕಡೆಯಿಂದ ಹೊರಟವರು ಕೂಳೂರು ಸೇತುವೆಯಲ್ಲಿ ಸಿಕ್ಕಿಬಿದ್ದಿದ್ದರು. ಅಲ್ಲಿಂದ ಬಿಡಿಸಿಕೊಂಡು ಕೊಟ್ಟಾರ ಚೌಕಿಯಲ್ಲಿ ಮತ್ತೊಮ್ಮೆ. ಒಳಗೆ ಬರುವಾಗ ಮುಖ ಕೆಂಪು, ಅಂಗಿ ಒದ್ದೆ. “ಇದೆಂತ ಊರು ಮಾರಾಯ್ರೆ! ಒಬ್ಬನಿಗೂ ಬುದ್ಧಿ ಬೇಡ್ವಾ? ಮುಕ್ಕಾಲು ಗಂಟೆ! ತಲೆ ಸಿಡೀತಾ ಉಂಟು!” ಅಂತ ಬ್ಯಾಗನ್ನು ಮೇಜಿನ ಮೇಲೆ ಎಸೆದರು. ಅಡಿಕೆಯ ಹಿಂಗಾರ ಇಟ್ಟಿದ್ದ ಕಳಸ ಅಲ್ಲಾಡಿತು.

ಮುಂದಿನ ಸಾಲಿನಿಂದ ಇಬ್ಬರು ಎದ್ದರು. ಒಬ್ಬರು ಕುರ್ಚಿ ಎಳೆದು ಕೊಟ್ಟರು. “ಕೂತ್ಕೊಳ್ಳಿ ಸರ್. ಏನೂ ಆಗುದಿಲ್ಲ. ಮೂಗಲ್ಲಿ ಎಳೀರಿ, ಬಾಯಲ್ಲಿ ಬಿಡಿ, ಮೆಲ್ಲ.” ಇನ್ನೊಬ್ಬರು ಹೊರಗಿನ ಗಾಡಿಯಿಂದ ಬಿಪಿ ಮೆಷಿನ್ ತಂದು ಪಟ್ಟಿ ಸುತ್ತಿದರು. 160/100. “ಸ್ವಲ್ಪ ಜಾಸ್ತಿ ಉಂಟು. ಐದು ನಿಮಿಷ ಮಾತಾಡ್ಬೇಡಿ ಸರ್.” ಒತ್ತಡ ನಿರ್ವಹಣೆಯ ತರಬೇತಿ ಅಂದರೆ ಅದೇ ಐದು ನಿಮಿಷ. ಆದರೆ ಅದನ್ನು ಕೊಟ್ಟವರು ತರಬೇತಿ ಪಡೆಯಲು ಬಂದವರು. ಫೋಟೋಗ್ರಾಫರ್ ಚಾ ಕುಡಿಯಲು ಹೋಗಿದ್ದರಿಂದ ಅದರ ದಾಖಲೆ ಇಲ್ಲ.

ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ, ಹಿಂಗಾರ ಅರಳಿಸುವುದು, ಶಾಲು, ಸ್ಮರಣಿಕೆ. ಕರಾವಳಿಯಲ್ಲಿ ಇದಿಷ್ಟು ಇಲ್ಲದೆ ಯಾರ ಒತ್ತಡವನ್ನೂ ಇಳಿಸುವ ಕ್ರಮವಿಲ್ಲ.

ಪಾಠ ಶುರುವಾಯಿತು. ಭಾವನಾತ್ಮಕ ಬುದ್ಧಿಮತ್ತೆ ಅನ್ನುವ ವಿಚಾರವನ್ನು 1990ರಲ್ಲಿ ಅಮೆರಿಕದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಒಂದು ಲೇಖನದಲ್ಲಿ ಮಂಡಿಸಿದರು. ಭಾವನೆಯನ್ನು ಗುರುತಿಸುವುದು, ಬಳಸಿಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ನಿಭಾಯಿಸುವುದು. ವಿಚಾರ ಒಳ್ಳೆಯದೇ. ಸುಮ್ನೆ ನಗಾಡುವಂಥದ್ದಲ್ಲ. ಆಮೇಲೆ ಒಂದು ಸ್ಲೈಡ್ ಬಂತು: 1979ರಲ್ಲಿ ರಾಬರ್ಟ್ ಕರಾಸೆಕ್ ಹೇಳಿದ್ದು. ಕೆಲಸದ ಹೊರೆ ಜಾಸ್ತಿ ಇದ್ದು, ಆ ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದರೆ ಮನುಷ್ಯ ಕುಸಿಯುತ್ತಾನೆ. ಸಭೆಯಲ್ಲಿ ಮೊದಲ ಬಾರಿ ನಾಲ್ಕೈದು ತಲೆ ಎದ್ದವು. “ಇದು ಮ್ಯಾನೇಜ್‌ಮೆಂಟಿಗೆ ಸಂಬಂಧಪಟ್ಟದ್ದು, ಟೈಮ್ ಇಲ್ಲ, ಬಿಡುವಾ” ಅಂತ ಸಂಪನ್ಮೂಲ ವ್ಯಕ್ತಿ ಮುಂದಕ್ಕೆ ಒತ್ತಿದರು. ಮುಂದಿನ ಸ್ಲೈಡಿನಲ್ಲಿ ಸೂರ್ಯೋದಯದ ಎದುರು ಒಬ್ಬಾಕೆ ಪದ್ಮಾಸನ ಹಾಕಿ ಕೂತಿದ್ದಳು.

ನನ್ನ ಪಕ್ಕ ಕೂತವರು ಪೈಲಟ್. 2008ರ ನವೆಂಬರಿನಲ್ಲಿ ರಾಜ್ಯಕ್ಕೆ 108 ಬಂದಾಗ ಡ್ರೈವರಿಗೆ ಸಿಕ್ಕಿದ ಹೆಸರು ಅದು. ಹೆಸರು ವಿಮಾನದ್ದು, ರಸ್ತೆ ಮಂಗಳೂರಿನ ನಂತೂರು ಜಂಕ್ಷನ್ನಿನದ್ದು. ಅವರ ಲೆಕ್ಕದಲ್ಲಿ ಮಂಡೆಬಿಸಿ ರೋಗಿಯಿಂದ ಬರುವುದೇ ಇಲ್ಲ. ದಾರಿ ಬಿಡಿಸಿಕೊಂಡು ಹೋಗುವಾಗ ಬಾಲ ಹಿಡಿದುಕೊಂಡು ಬರುವ ಮೂರು ಸ್ಕೂಟರಿನಿಂದ ಬರುತ್ತದೆ. ಟೈಮಿಂಗ್ ತಪ್ಪಿದರೆ ಹಿಂದಿನ ಬಸ್ಸಿನವನ ಹತ್ತಿರ ಬೈಗುಳ ತಿನ್ನಬೇಕಾದ ಸಿಟಿ ಬಸ್ಸಿನಿಂದ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಗಾಜಿನೊಳಗೆ ಇಣುಕಿ “ಒಳಗೆ ಯಾರೂ ಇಲ್ಲ, ಸುಮ್ನೆ ಸೈರನ್ ಹಾಕ್ತಾರೆ” ಅನ್ನುವ ಜ್ಞಾನಿಗಳಿಂದ. “ಖಾಲಿ ಹೋದ್ರೆ ಅಲ್ವಾ ಸರ್ ತುಂಬಿಸ್ಕೊಂಡು ಬರುದು? ಮನೆಯಲ್ಲಿ ಎದೆ ಹಿಡ್ಕೊಂಡು ಬಿದ್ದವರು ನಡ್ಕೊಂಡು ಬಂದು ಗಾಡಿ ಹತ್ತುದಾ?”

ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಅಂತ ಬರೆದಿದೆ. ಅಂಥ ರಶೀದಿಯನ್ನು ನಾನಂತೂ ಇನ್ನೂ ಕಂಡಿಲ್ಲ.

ಹಾಗಂತ ನಮಗೆ ದಾರಿ ಬಿಡಲು ಬರುವುದಿಲ್ಲ ಅಂತಲ್ಲ. 2020ರ ಫೆಬ್ರವರಿಯಲ್ಲಿ 40 ದಿನದ ಮಗುವೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸಾಗಿಸಿದಾಗ ಊರೂರಲ್ಲಿ ಜನ ರಸ್ತೆಗಿಳಿದು ದಾರಿ ಬಿಡಿಸಿಕೊಟ್ಟರು. ಸುಮಾರು ನಾಲ್ಕೂವರೆ ಗಂಟೆಯಲ್ಲಿ ಗಾಡಿ ಬೆಂಗಳೂರು ಮುಟ್ಟಿತು. ಅಂದರೆ ಫೋನಿನಲ್ಲಿ ಲೈವ್ ಬಂದರೆ ನಮ್ಮ ಭಾವನಾತ್ಮಕ ಬುದ್ಧಿಮತ್ತೆ ಶಿರಾಡಿ ಘಾಟಿಯನ್ನೂ ಹತ್ತುತ್ತದೆ. ಲೈವ್ ಇಲ್ಲದ ಅಜ್ಜಿಗೆ ಮಾತ್ರ ಪಂಪ್‌ವೆಲ್ ದಾಟುವುದು ಕಷ್ಟ.

ಊಟಕ್ಕೆ ಮುಂಚೆ ಪ್ರಶ್ನಾವಳಿ ಹಂಚಿದರು. ‘ಇತರರ ಮುಖ ನೋಡಿ ಅವರ ಭಾವನೆ ತಿಳಿಯುತ್ತೇನೆ.’ ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಹೀಗೆ ಐದು ಮನೆ. “ನಾನು ಹಿಂದೆ ತಿರುಗಿ ಮುಖ ನೋಡ್ತಾ ಕೂತ್ರೆ ಗಾಡಿ ಎಲ್ಲಿಗೆ ಹೋಗ್ಬೇಕು?” ಅಂದರು ಪೈಲಟ್. “ತಟಸ್ಥ ಅಂದ್ರೆ ನ್ಯೂಟ್ರಲಾ? ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಬಾರ್ದು ಸರ್.” ಒಪ್ಪುತ್ತೇನೆ ಅನ್ನುವುದಕ್ಕೆ ಗುರುತು ಹಾಕಿದರು.

ಕೊನೆಯ ಪ್ರಶ್ನೆ: ‘ಇತ್ತೀಚೆಗೆ ಕೆಲಸದಲ್ಲಿ ನಿಮ್ಮ ಮನಸ್ಸಿಗೆ ನೋವು ತಂದ ಒಂದು ಘಟನೆ ಬರೆಯಿರಿ.’ ಕೆಳಗೆ ಎರಡು ಗೆರೆ. ಪೈಲಟಿನ ಆಚೆ ಕೂತಿದ್ದ ಗಾಡಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಹುಡುಗ ಪೆನ್ನು ಹಿಡಿದು ತುಂಬ ಹೊತ್ತು ಆ ಎರಡು ಗೆರೆಗಳನ್ನೇ ನೋಡುತ್ತಿದ್ದ. ಅವನ ಬಲಗೈಯ ಉಗುರುಗಳ ಸಂದಿಯಲ್ಲಿ ಕಂದು ಬಣ್ಣ ಅಂಟಿತ್ತು. ಬೆಳಗಿನ ಜಾವ ಪಡುಬಿದ್ರಿ ಹತ್ತಿರದ ಒಂದು ಬೈಕ್ ಕೇಸಂತೆ. ಗಾಡಿಯ ನೆಲವನ್ನು ಇವರೇ ಪೈಪು ಹಿಡಿದು ತೊಳೆದು, ಫಿನಾಯಿಲ್ ಹಾಕಿ ಬಂದಿದ್ದಾರೆ. ಹುಡುಗ ‘ಇಲ್ಲ’ ಅಂತ ಬರೆದು, ಕಾಗದ ಮಡಚಿ ಕೊಟ್ಟ. ವರದಿಯಲ್ಲಿ ಅವನು ಒತ್ತಡವಿಲ್ಲದ ಉದ್ಯೋಗಿ ಅಂತ ಲೆಕ್ಕಕ್ಕೆ ಬರುತ್ತಾನೆ.

ಊಟದ ನಂತರದ ಪ್ರಶ್ನೋತ್ತರ ನಡೆಯಲಿಲ್ಲ. ಆರು ಮಂದಿಗೆ ಕಾಲ್ ಬಂದು ಎದ್ದು ಹೋದರು, ಉಳಿದವರಲ್ಲಿ ಹೆಚ್ಚಿನವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಧನ್ಯವಾದ ಸಮರ್ಪಣೆ ಮೆಲುದನಿಯಲ್ಲಿ ಆಯಿತು.

ಸಂಪನ್ಮೂಲ ವ್ಯಕ್ತಿಗೆ ನಾಲ್ಕು ಗಂಟೆಗೆ ಉಡುಪಿಯಲ್ಲಿ ಇನ್ನೊಂದು ಕಾರ್ಯಕ್ರಮ. ಗಡಿಯಾರ ನೋಡಿದರು, ಮೂರು ಕಾಲು. ಕೂಳೂರು ನೆನಪಾಗಿರಬೇಕು, ಮುಖ ಮತ್ತೆ ಕೆಂಪಾಯಿತು. ಪೈಲಟನ್ನು ಬದಿಗೆ ಕರೆದು ಕೇಳಿದರು: “ನಿಮ್ಮ ಗಾಡಿ ಆ ಕಡೆ ಹೋಗುದುಂಟಾ? ಸೈರನ್ ಹಾಕಿದ್ರೆ ಮುಟ್ಬಹುದು ಅಲ್ವಾ?”

“ಬನ್ನಿ ಸರ್, ತೊಂದ್ರೆ ಇಲ್ಲ” ಅಂದರು ಪೈಲಟ್. “ಆದ್ರೆ ಮಲಗಿಕೊಂಡು ಬರ್ಬೇಕು.”

ಅವರು ಎರಡು ಸೆಕೆಂಡು ಯೋಚನೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.